ಲಾಲ್‌ಬಾಗಿನ ಮಾವಿನ ಮೇಳದಲ್ಲಿ ನಾವು ಕಲಿತ ಪಾಠ

(ಬೆಳ್ಳಿ ಹಬ್ಬದ ರೈತರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದರು. ನಾವು ಭಾಷಣಕಾರರಲ್ಲ, ಓದಿದ್ದು ಎಸ್.ಎಸ್.ಎಲ್.ಸಿ. ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ.

ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಹಾಕಿಸಿದ ತೋಟ. ಅಲ್ಲಿ 2023ರಲ್ಲಿ ನಡೆದ ಮಾವಿನ ಮೇಳಕ್ಕೆ ನಾವು ಮೂವರು ಸೇರಿ ಬಾದಾಮಿ, ರಸಪುರಿ ಹೇರಿಕೊಂಡು ಹೋಗಿದ್ವಿ. ಮಲ್ಲಿಕಾ, ಸೇಂದೂರ, ಮಲಗೋವ, ಪುಟ್ಟ ಸಕ್ಕರೆಗುತ್ತಿ, ಎಲ್ಲಾ ಒಂದೇ ಸಾಲಿನಲ್ಲಿ. ದಲ್ಲಾಳಿ ಇಲ್ಲ. ತಕ್ಕಡಿ ನಮ್ಮದು, ದುಡ್ಡು ಕೈಗೇ. ಮಂಡಿಯಲ್ಲಿ ಚೀಟಿ ಹಿಡಕೊಂಡು ಕಾದು ಕೂತವರಿಗೆ ಇದಕ್ಕಿಂತ ಹಬ್ಬ ಬೇಕೆ?

ಮಾರನೇ ದಿನ ಒಬ್ಬ ತಾಯಿ ಹಣ್ಣು ವಾಪಸ್ ತಂದರು. "ಏನಪ್ಪಾ, ಮೇಲೆಲ್ಲ ಬಣ್ಣ, ಒಳಗೆ ಹುಳಿ. ಕಾರ್ಬೈಡ್ ಹಾಕಿದ್ದೀಯಾ?" ಅಂದರು. ನಾವು ಹಾಕಿರಲಿಲ್ಲ. ಆದರೆ ಮೇಳದ ರೇಟಿನ ಆಸೆಗೆ ಬಲಿಯದ ಕಾಯನ್ನೂ ಕಿತ್ತಿದ್ದೆವು. ಅದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ದುಡ್ಡು ವಾಪಸ್ ಕೊಟ್ಟೆವು. ಆಯಮ್ಮ ಪಕ್ಕದ ಮಳಿಗೆಯಲ್ಲೂ ಕೊಳ್ಳದೆ ಹೊರಟು ಹೋದರು. ನಮ್ಮ ತಪ್ಪಿಗೆ ಇನ್ನೊಬ್ಬ ರೈತನಿಗೂ ನಷ್ಟ!

ಆ ಪಕ್ಕದ ಮಳಿಗೆಯ ಹಿರಿಯರೇ ಸಿಟ್ಟು ಮಾಡದೆ ನಮಗೆ ತಿಳಿಹೇಳಿದರು. ಬಲಿತ ಕಾಯಿಗೆ ತೊಟ್ಟಿನ ಸುತ್ತ ಭುಜ ತುಂಬಿರುತ್ತದೆ. ನೀರಿಗೆ ಹಾಕಿದರೆ ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೊಟ್ಟು ಬಿಟ್ಟು ಕೊಯ್ಯಬೇಕು, ಸೊನೆ ಕಾಯಿಗೆ ತಾಗಬಾರದು. ಹುಲ್ಲಿನಲ್ಲಿಟ್ಟರೆ ತಾನಾಗಿ ಮಾಗುತ್ತದೆ. ಕಾರ್ಬೈಡಿನಲ್ಲಿ ಆರ್ಸೆನಿಕ್ ಎಂಬ ವಿಷದ ಅಂಶ ಇರುವುದರಿಂದ ಕಾನೂನು ಅದನ್ನು ನಿಷೇಧಿಸಿದೆ. ಅವಸರವಿದ್ದರೆ ಎಥಿಲೀನ್ ಅನಿಲದ ಕೋಣೆ ಉಂಟು, 100 ಪಿ.ಪಿ.ಎಂ.ವರೆಗೆ ಅನುಮತಿ ಇದೆ. ಆದರೆ ಎಳೆಗಾಯಿಗೆ ಯಾವ ಕೋಣೆಯೂ ರುಚಿ ತರಲಾರದು.

ಬಾಂಧವರೇ, ಲಾಲ್‌ಬಾಗಿಗೂ ಸಹಕಾರಕ್ಕೂ ಹಳೆಯ ನಂಟು. ಅಲ್ಲಿ ದುಡಿದ ತೋಟಗಾರಿಕೆಯ ಡಾ. ಎಂ.ಎಚ್. ಮರೀಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಒಬ್ಬೊಬ್ಬನಿಂದ ಆಗದ್ದು ಸಂಘದಿಂದ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ನಮ್ಮದೊಂದು ವಿನಂತಿ. ಮುಂದಿನ ಸುಗ್ಗಿಗೆ ನಮ್ಮ ಗೋದಾಮಿನ ಹಿಂದಿನ ಖಾಲಿ ಕೋಣೆಯಲ್ಲಿ ಒಂದು ನೀರಿನ ತೊಟ್ಟಿ ಇಡೋಣ. ಅಲ್ಲಿ ಕಾಯಿ ಪರೀಕ್ಷೆ ಆಗಲಿ, ಪಾಸಾದದ್ದು ಮಾತ್ರ ಸಂಘದ ಹೆಸರಿನ ಪೆಟ್ಟಿಗೆಯಲ್ಲಿ ಮೇಳಕ್ಕೆ ಹೋಗಲಿ. ತೇಲಿದ ಕಾಯಿ ಯಾರದಾದರೂ ಸರಿ, ನಿರ್ದೇಶಕರದಾದರೂ ಸರಿ, ಉಪ್ಪಿನಕಾಯಿಗೆ ಹೋಗಲಿ. ಮೊದಲು ನಮ್ಮ ಕಾಯಿಯನ್ನೇ ತೊಟ್ಟಿಗೆ ಹಾಕಿ ನೋಡಿ. ಇಪ್ಪತ್ತೈದು ವರ್ಷ ಸಂಘ ಉಳಿದದ್ದು ನಂಬಿಕೆಯಿಂದ. ಒಂದು ಹುಳಿ ಹಣ್ಣಿಗೆ ಅದನ್ನು ಕಳಕೊಳ್ಳುವುದು ಬೇಡ.