ಬೆಕ್ಕಿನ ಕಣ್ಣುರಿ: ಪಶುವೈದ್ಯರ ಬಳಿಗೆ ಒಯ್ಯುವ ಮುನ್ನ



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟಿಗರ ಮನೆಗಳಲ್ಲಿ ಆಕಳು, ಎಮ್ಮೆಗಳಿಗಿರುವ ಲೆಕ್ಕ ಬೆಕ್ಕಿಗೆ ಇಲ್ಲ. ಆಕಳು ಒಂದು ಹೊತ್ತು ಮೇವು ಬಿಟ್ಟರೆ ಅಂದೇ ವೈದ್ಯರಿಗೆ ಹೇಳಿಕಳಿಸುವ ಮನೆಯಲ್ಲಿಯೂ ಬೆಕ್ಕು ಒಂದು ಕಣ್ಣು ಮುಚ್ಚಿಕೊಂಡು ಬಂದರೆ "ನಾಲ್ಕು ದಿನ ಹೋದರೆ ತಾನೇ ಸರಿಹೋಗುತ್ತದೆ" ಎನ್ನುವವರೇ ಹೆಚ್ಚು. ಕಣಜದ ಭತ್ತವನ್ನೂ ಅಟ್ಟದ ಮೇಲಿನ ಚೀಲಗಳನ್ನೂ ಇಲಿಗಳಿಂದ ಕಾಯುವ ಪ್ರಾಣಿ ಅದು. ಆ ನಾಲ್ಕು ದಿನಗಳಲ್ಲಿಯೇ ಕಣ್ಣು ಹೋಗಿಬಿಡುವ ಸಂಭವವಿದೆ ಎಂಬುದನ್ನು ಮೊದಲು ತಿಳಿಯಬೇಕು.

ಬೆಕ್ಕಿನ ಕಣ್ಣು ಕೆಡಲು ನಮ್ಮ ಮಲೆನಾಡಿನ ಮನೆಗಳಲ್ಲಿ ಕಾರಣಗಳು ಕಡಿಮೆಯೇನಿಲ್ಲ. ಮಳೆಗಾಲದಲ್ಲಿ ಅದು ಮಲಗುವುದು ಬಚ್ಚಲ ಒಲೆಯ ಬೆಚ್ಚನೆಯ ಬೂದಿಯಲ್ಲಿ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ. ಭತ್ತದ ಹೊಟ್ಟು, ದರಕಿನ ಧೂಳು, ಬೇಲಿಯ ಮುಳ್ಳು, ಎಕ್ಕ ಮತ್ತು ಕಳ್ಳಿ ಗಿಡಗಳ ಹಾಲು, ಇನ್ನೊಂದು ಬೆಕ್ಕಿನ ಉಗುರು, ಇವೆಲ್ಲವೂ ಕಣ್ಣಿಗೆ ಅಪಾಯಕಾರಿ. ಇವಲ್ಲದೆ ರೋಗಾಣುಗಳಿಂದ ಬರುವ ನೆಗಡಿಯೂ ಇದೆ. ಬೆಕ್ಕು ಸೀನುತ್ತಿದ್ದು, ಎರಡು ಕಣ್ಣಿನಲ್ಲಿಯೂ ನೀರು, ಗೀಜು ಬರುತ್ತಿದ್ದರೆ ಬಹುತೇಕ ಈ ನೆಗಡಿಯೇ ಎಂದು ತಿಳಿಯಬಹುದು. ಇದು ಒಂದರಿಂದ ಇನ್ನೊಂದಕ್ಕೆ ಅಂಟುವುದರಿಂದ ಅಂತಹ ಬೆಕ್ಕಿನ ಊಟದ ಬಟ್ಟಲನ್ನೂ ಮಲಗುವ ಗೋಣಿಯನ್ನೂ ಬೇರೆ ಮಾಡಬೇಕು. ಒಂದೇ ಕಣ್ಣು ಕೆಟ್ಟಿದ್ದರೆ ಗಾಯ ಅಥವಾ ಕಸದ ಸಂಶಯ ಹೆಚ್ಚು.

ಬೆಕ್ಕಿನ ಕಣ್ಣಿಗೆ ನಮಗಿಲ್ಲದ ಮೂರನೆಯ ರೆಪ್ಪೆಯೊಂದಿದೆ. ಮೂಗಿನ ಕಡೆಯ ಮೂಲೆಯಿಂದ ಬೆಳ್ಳಗಿನ ಪೊರೆಯಂತೆ ಅದು ಮೇಲೆ ಬರುತ್ತದೆ. ನೋವಾದಾಗ ಕಣ್ಣನ್ನು ಮುಚ್ಚಿ ಕಾಪಾಡುವುದು ಇದರ ಕೆಲಸ. ಇದನ್ನು ಕಂಡು "ಪೊರೆ ಬೆಳೆದಿದೆ" ಎಂದು ಬಟ್ಟೆಯಿಂದ ಉಜ್ಜಿ ತೆಗೆಯಲು ಹೋಗಬಾರದು. ನಿಜವಾಗಿ ಹೆದರಬೇಕಾದದ್ದು ಕರಿಗುಡ್ಡೆಯ ಮೇಲಿರುವ ಪಾರದರ್ಶಕ ಪೊರೆಗೆ ಆಗುವ ಹುಣ್ಣಿಗೆ. ಬೆಕ್ಕು ಕಣ್ಣು ಕಿರಿದು ಮಾಡಿದರೆ, ಬೆಳಕಿಗೆ ಅಂಜಿ ಮಂಚದ ಅಡಿ ಸೇರಿದರೆ, ಪಂಜದಿಂದ ಮುಖ ಉಜ್ಜಿಕೊಂಡರೆ, ಹುಣ್ಣು ಇದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ಹುಣ್ಣು ಆಳಕ್ಕೆ ಇಳಿದರೆ ಹೂ ಬೀಳುತ್ತದೆ, ಕೆಲವೊಮ್ಮೆ ಗುಡ್ಡೆಯೇ ಒಡೆಯುತ್ತದೆ.

ವೈದ್ಯರಿಗೆ ತೋರಿಸುವುದು ಇದಕ್ಕೆ ಪರಿಹಾರವೇನೋ ಹೌದು. ಆದರೆ ಒಂಟಿ ಮನೆಗಳ ಈ ಸೀಮೆಯಲ್ಲಿ ತಾಲೂಕು ಕೇಂದ್ರದ ಪಶು ಆಸ್ಪತ್ರೆ ಅನೇಕರಿಗೆ ಬಹುದೂರ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು, ಅರಬೈಲು ಘಟ್ಟದ ಹೆದ್ದಾರಿಯೂ ಮುಚ್ಚಿದ್ದು ಎಲ್ಲರ ನೆನಪಿನಲ್ಲಿದೆ. ಅಂತಹ ಹೊತ್ತಿನಲ್ಲಿ ಮನೆಯವರು ಮಾಡಬಹುದಾದದ್ದು ಎರಡೇ: ಕಣ್ಣನ್ನು ಶುಚಿಯಾಗಿಡುವುದು, ಬೆಕ್ಕು ಅದನ್ನು ಕೆರೆದುಕೊಳ್ಳದಂತೆ ತಡೆಯುವುದು. ಔಷಧಿ ಹಾಕುವುದು ಇದರಲ್ಲಿ ಸೇರಿಲ್ಲ.

ಶುಚಿ ಮಾಡಲು ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 0.9ರ ಸಲೈನ್ ಬಾಟಲಿ ಉತ್ತಮ. ಅದಿಲ್ಲದಿದ್ದರೆ ಅರ್ಧ ಲೀಟರು ನೀರನ್ನು ಚೆನ್ನಾಗಿ ಕುದಿಸಿ, ಮುಕ್ಕಾಲು ಟೀ ಚಮಚ ಪುಡಿ ಉಪ್ಪನ್ನು ಮಟ್ಟವಾಗಿ ಅಳೆದು ಹಾಕಿ, ಕರಗಿಸಿ, ಮುಚ್ಚಿ ಆರಿಸಬೇಕು. ಉಪ್ಪು ಹೆಚ್ಚಾದರೆ ಉರಿಯೂ ಹೆಚ್ಚುತ್ತದೆ, ಅಂದಾಜಿನ ಚಿಟಿಕೆ ಇಲ್ಲಿ ನಡೆಯದು. ಈ ನೀರನ್ನು ದಿನಕ್ಕೊಮ್ಮೆ ಹೊಸದಾಗಿ ಮಾಡಬೇಕು.

ಬೆಕ್ಕನ್ನು ಹಳೆಯ ಪಂಚೆಯಲ್ಲಿ ಕಾಲುಗಳು ಹೊರಬಾರದಂತೆ ಸುತ್ತಿ, ತಲೆ ಮಾತ್ರ ಹೊರಗಿಟ್ಟು ಒಬ್ಬರು ಮಡಿಲಲ್ಲಿ ಹಿಡಿಯಬೇಕು. ಇನ್ನೊಬ್ಬರು ಕೈ ತೊಳೆದುಕೊಂಡು, ಒಗೆದ ಮೆತ್ತನೆಯ ಬಟ್ಟೆಯ ತುಂಡನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿ, ಮುಚ್ಚಿದ ರೆಪ್ಪೆಯ ಮೇಲೆ ಒಂದೆರಡು ನಿಮಿಷ ಒತ್ತದೆ ಇಡಬೇಕು. ಒಣಗಿದ ಗೀಜು ತಾನಾಗಿ ನೆನೆಯುತ್ತದೆ. ಆಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಆ ತುಂಡನ್ನು ಬಿಸಾಡಬೇಕು. ಇನ್ನೊಂದು ಕಣ್ಣಿಗೆ ಬೇರೆ ತುಂಡು. ಹತ್ತಿಯ ಎಳೆ ಕಣ್ಣಿನೊಳಗೆ ಉಳಿಯುವುದರಿಂದ ಬಟ್ಟೆಯೇ ವಾಸಿ. ಬೂದಿ, ಹೊಟ್ಟು ಬಿದ್ದಿದ್ದರೆ ಅದೇ ನೀರನ್ನು ಮೇಲಿನಿಂದ ಸಣ್ಣ ಧಾರೆಯಾಗಿ ಬಿಡಬಹುದು. ಕಣ್ಣಿಗೆ ಮುಳ್ಳು ನೆಟ್ಟಿದ್ದರೆ ಮಾತ್ರ ಕೀಳಲೂ ಬಾರದು, ತೊಳೆಯಲೂ ಬಾರದು. ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಸುಣ್ಣದ ಮಾತು ಬೇರೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲದಲ್ಲಿ ಅಂಗಳದಲ್ಲೇ ಮೈಲುತುತ್ತ, ಸುಣ್ಣ ಕಲಸುವುದು ವಾಡಿಕೆ. ಶೇಕಡಾ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರು ನೀರಿಗೆ ಒಂದೊಂದು ಕಿಲೋ ಬೇಕಾಗುವುದರಿಂದ ಸುಣ್ಣದ ಡಬ್ಬಿಗಳು ತೆರೆದೇ ಇರುತ್ತವೆ. ಕವಳದ ತಟ್ಟೆಯ ಸುಣ್ಣವೂ ಇದೇ ಜಾತಿ. ಸುಣ್ಣ ಕಣ್ಣಿನ ಪೊರೆಯನ್ನು ತಿನ್ನುತ್ತಾ ಆಳಕ್ಕೆ ಹೋಗುತ್ತದೆ. ಇಲ್ಲಿ ಉಪ್ಪುನೀರು ಆರುವವರೆಗೆ ಕಾಯುವಂತಿಲ್ಲ. ಕೈಗೆ ಸಿಕ್ಕಿದ ಶುದ್ಧ ನೀರನ್ನೇ ತಕ್ಷಣ ಕನಿಷ್ಠ 15 ನಿಮಿಷ ಬಿಡುತ್ತಿರಬೇಕು. ರೆಪ್ಪೆಯ ಸಂದಿಯಲ್ಲಿ ಸುಣ್ಣದ ಕಣ ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು. ಹುಳಿಯಿಂದ ಸುಣ್ಣ ಅಡಗುತ್ತದೆಂದು ನಿಂಬೆರಸ ಹಿಂಡುವುದು ಗಾಯದ ಮೇಲೆ ಗಾಯ. ಎಕ್ಕದ, ಕಳ್ಳಿಯ ಹಾಲಿಗೂ ಹೀಗೆಯೇ ತೊಳೆಯಬೇಕು.

ಇನ್ನು ಹಾಕಬಾರದ ವಸ್ತುಗಳು. ನಂದಿಬಟ್ಟಲ ಹೂವಿನ ರಸ, ತಾಯಿಹಾಲು, ಜೇನು, ಹರಳೆಣ್ಣೆ, ಅರಿಶಿನ, ಇವನ್ನೆಲ್ಲ ಹಾಕುವ ಪದ್ಧತಿ ಉಂಟು. ಹಾಕುವವರ ಮನಸ್ಸು ಒಳ್ಳೆಯದೇ, ಆದರೆ ಹುಣ್ಣಾದ ಕಣ್ಣಿಗೆ ಇವು ಹೊಸ ಸೋಂಕನ್ನು ತರುತ್ತವೆ. ವೈದ್ಯರು ಬಣ್ಣದ ಹನಿ ಹಾಕಿ ಹುಣ್ಣನ್ನು ಹುಡುಕುವ ಮೊದಲು ಈ ಎಣ್ಣೆ, ಪುಡಿಗಳನ್ನು ತೊಳೆದು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಇವೆಲ್ಲಕ್ಕಿಂತ ಅಪಾಯ ಮನೆಯವರಿಗೆ ಹಿಂದೆ ಬರೆದುಕೊಟ್ಟು ಉಳಿದ ಕಣ್ಣಿನ ಹನಿ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಮುಂತಾದ ಸ್ಟೀರಾಯ್ಡ್ ಇರುವ ಹನಿ ಹಾಕಿದರೆ ಕೆಂಪು ಇಳಿದು ಕಣ್ಣು ಗುಣವಾದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತಿರುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಕೂಡದು. ಮನುಷ್ಯರ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು.

ಕೆರೆದುಕೊಳ್ಳುವ ಬೆಕ್ಕಿಗೆ ಕೊರಳ ಸುತ್ತ ಆಲಿಕೆಯ ಆಕಾರದಲ್ಲಿ ರಟ್ಟು ಕಟ್ಟಬಹುದು. ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಒಳ ಅಂಚಿಗೆ ಬಟ್ಟೆ ಸುತ್ತಿರಲಿ. ಅಡಿಕೆ ಹಾಳೆ ಒಣಗಿದಂತೆ ಅಂಚು ಚೂಪಾಗುವುದರಿಂದ ರಟ್ಟೇ ಮೇಲು. ಹೊಗೆಯಿಲ್ಲದ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ನೀರು, ಅನ್ನ ಇಟ್ಟು ಕೂಡಬೇಕು.

ಕಣ್ಣು ಪೂರ್ತಿ ಮುಚ್ಚಿದ್ದರೆ, ಗುಡ್ಡೆ ಮಂಜಾಗಿದ್ದರೆ, ರಕ್ತ ಕಂಡರೆ, ಎರಡು ಕಣ್ಣಿನ ಪಾಪೆಗಳು ಸಮನಾಗಿಲ್ಲದಿದ್ದರೆ, ಗುಡ್ಡೆ ಉಬ್ಬಿದ್ದರೆ ಅಂದೇ ಹೊರಡಬೇಕು. ಸುಣ್ಣ ಬಿದ್ದ ಕಣ್ಣನ್ನು ತೊಳೆದ ಮೇಲೂ ಅಷ್ಟೇ. ಬರೀ ನೀರು ಸೋರುತ್ತಿದ್ದು ಬೆಕ್ಕು ಲವಲವಿಕೆಯಿಂದಿದ್ದರೆ ಒಂದು ದಿನ ನೋಡಬಹುದು, ಎರಡನೆಯ ದಿನಕ್ಕೆ ಮುಂದೂಡಬಾರದು. ಮರಿಗಳು ಹುಟ್ಟಿದ 7ರಿಂದ 14 ದಿನಗಳೊಳಗೆ ಕಣ್ಣು ಬಿಡುತ್ತವೆ. ಅದಕ್ಕೂ ಮೊದಲೇ ಮುಚ್ಚಿದ ರೆಪ್ಪೆ ಉಬ್ಬಿದ್ದರೆ ಒಳಗೆ ಕೀವು ತುಂಬಿದೆ ಎಂದರ್ಥ. ಅದಕ್ಕೆ ಕಾಯುವ ಅವಕಾಶವಿಲ್ಲ. ದಾರಿ ಕಡಿದಿದ್ದರೆ ಹತ್ತಿರದ ಪಶುವೈದ್ಯರಿಗೆ ದೂರವಾಣಿ ಮಾಡಿ ಸಲಹೆ ಪಡೆಯಬೇಕು.

ಒಯ್ಯುವಾಗ ಮುಚ್ಚಳವಿರುವ ಬಿದಿರಿನ ಬುಟ್ಟಿ ಸಾಕು, ಗೊಬ್ಬರದ ಖಾಲಿ ಚೀಲ ಬೇಡ. ಎಂದಿನಿಂದ ಹೀಗಾಗಿದೆ, ಏನು ಬಿತ್ತು, ಮನೆಯಲ್ಲಿ ಏನು ಹಾಕಿದ್ದಾರೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಹಿಡಿಯುವ ಗಡಿಬಿಡಿಯಲ್ಲಿ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ವೈದ್ಯರು ಕೊಟ್ಟ ಹನಿಯನ್ನು, ಕಣ್ಣು ಮೂರನೆಯ ದಿನವೇ ತೆರೆದರೂ, ಹೇಳಿದಷ್ಟು ದಿನ ಹಾಕಬೇಕು. ಉಳಿದದ್ದನ್ನು ಮುಂದಿನ ಸಲಕ್ಕೆಂದು ಗೂಡಿನಲ್ಲಿ ಇಡಬಾರದು.