ರೈನ್ ನದಿಯ ಸುಂಕದ ಕಟ್ಟೆಗಳು



ಯುರೋಪಿನ ಕೋಟೆಗಳನ್ನು ನಾವು ಕಣ್ಣಾರೆ ಕಂಡವರಲ್ಲ. ವಾಚನಾಲಯದ ಪುಸ್ತಕ, ಭೂಪಟಗಳನ್ನು ಹರವಿಕೊಂಡು ರೈಲು ಹತ್ತಿದವರು. ಜರ್ಮನಿಯ ಕೊಬ್ಲೆಂಜ್‌ನಿಂದ ಬಿಂಗೆನ್‌ಗೆ ಹೋಗುವ ಗಾಡಿಯಲ್ಲಿ ಎಡಗಡೆಯ ಕಿಟಕಿ ಹಿಡಿಯಬೇಕು. 1859ರಲ್ಲಿ ತೆರೆದ ಈ ದಾರಿ ರೈನ್ ನದಿಯ ದಂಡೆಗೇ ಅಂಟಿಕೊಂಡು ಸಾಗುತ್ತದೆ. ಎತ್ತ ನೋಡಿದರೂ ಗುಡ್ಡದ ಮೇಲೆ ಕೋಟೆ.

ಇಷ್ಟೊಂದು ಕೋಟೆಗಳೇಕೆ? ಬರೀ ಯುದ್ಧಕ್ಕೆಂದು ನಾವೂ ತಿಳಿದಿದ್ದೆವು. ಆದರೆ ಹಲವು ಕೋಟೆಗಳ ಹಿಂದೆ ಇದ್ದುದು ಸುಂಕದ ಆಸೆ. ಸರಕು ಹೇರಿಕೊಂಡ ದೋಣಿ ಕಟ್ಟೆಕಟ್ಟೆಗೂ ನಿಂತು ಹಣ ತೆರಬೇಕು. ಆ ಹಣ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತಿತ್ತೆಂದು ಲೆಕ್ಕ ಬರೆಯುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಂಕ್ಟ್ ಗೋವರ್ ಊರಿನ ಮೇಲಿರುವ ರೈನ್‌ಫೆಲ್ಸ್ ಕೋಟೆ 1245ರದು. ಅಲ್ಲಿ ಸುಂಕ ಏರಿಸಿದಾಗ, ಒಕ್ಕೂಟ ಕಟ್ಟಿಕೊಂಡಿದ್ದ ಪಟ್ಟಣಗಳು 1255ರಲ್ಲಿ ಅದನ್ನು ಮುತ್ತಿದವು. ವರ್ಷ ಕಳೆದರೂ ಕೋಟೆ ಬಗ್ಗಲಿಲ್ಲ. ಓದುವಾಗ ನಾವು ಪಟ್ಟಣದವರ ಪಕ್ಷವೇ ಆಗಿದ್ದೆವು!

ಮುಂದಿನ ಸುರಂಗಗಳ ಬಾಯಿಗೂ ಬುರುಜಿನ ವೇಷ. ಅವನ್ನು ದಾಟಿದರೆ ಓಬರ್‌ವೇಜೆಲ್ ಎಂಬ ಹಳೆಯ ಪಟ್ಟಣ. ಊರಗೋಡೆಯ 16 ಬುರುಜುಗಳು ಇನ್ನೂ ನಿಂತಿವೆ.

ಆಮೇಲೆ ಕೌಬ್ ಊರಿನೆದುರು, ನದಿಯ ನಟ್ಟನಡುವೆ, ಹಡಗಿನ ಆಕಾರದ ಬಿಳಿಯ ಕೋಟೆ. ಪ್ಫಾಲ್ಟ್ಸ್‌ಗ್ರಾಫೆನ್‌ಷ್ಟೈನ್ ಎಂದು ಹೆಸರು. ಹೇಳಲು ನಮ್ಮ ನಾಲಿಗೆ ಮೂರು ಸಲ ಎಡವಿತು. 1327ರ ಸುಮಾರಿಗೆ ದೊರೆ ಲುಡ್ವಿಗ್ ಕಟ್ಟಿಸಿದ್ದು. ಅರಮನೆಯಲ್ಲ, ರಾಣಿವಾಸವಲ್ಲ, ಅಪ್ಪಟ ಸುಂಕದ ಕಟ್ಟೆ. ನದಿಗೆ ಅಡ್ಡ ಸರಪಳಿ. ಹಣ ಕೊಡದ ವರ್ತಕನಿಗೆ ಅಲ್ಲೇ ಸೆರೆ. ಸುಂಕದವನ ಮುಂದೆ ಸುಖದುಃಖ ಹೇಳಿದರೆ ನಡೆದೀತೆ? ಈ ವಸೂಲಿ ನಿಂತದ್ದು 1867ರಲ್ಲಿ. ಎದುರು ದಂಡೆಯಲ್ಲಿ ರೈಲು ಓಡತೊಡಗಿ ಆಗಲೇ 8 ವರ್ಷ!

ಚಿತ್ರಗಳಿರುವ ಪುಸ್ತಕ ಮೇಜಿನ ಮೇಲಿದೆ. ಸಭೆ ಮುಗಿದ ಮೇಲೆ ನೋಡಿರಿ, ಸುಂಕವಿಲ್ಲ.