ಶಾಲೆಯ ಮೊದಲ ವರ್ಷ: ಮನೆಮಾತೇ ಮಗುವಿಗೆ ಆಸರೆ

(ಕೊಚ್ಚಿ ಹಾಗೂ ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಪಾಲಕರನ್ನು ಉದ್ದೇಶಿಸಿದ ಭಾಷಣದ ಪಠ್ಯ)



ಉದ್ಯೋಗನಿಮಿತ್ತ ತಾಯ್ನಾಡನ್ನು ಬಿಟ್ಟು ಬಂದ ಕನ್ನಡ ಕುಟುಂಬಗಳು ಕೇರಳದ ಈ ಎರಡು ನಗರಗಳಲ್ಲಿ ನೆಲೆಸಿವೆ. ಕೊಚ್ಚಿಯ ನೌಕಾನೆಲೆ, ಹಡಗುಕಟ್ಟೆ, ತುಂಬಾದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ, ಬ್ಯಾಂಕುಗಳು, ಕೇಂದ್ರ ಸರ್ಕಾರದ ಕಚೇರಿಗಳು ನಮ್ಮವರನ್ನು ಇಲ್ಲಿಗೆ ಕರೆತಂದಿವೆ. ವರ್ಗಾವಣೆಯ ಆದೇಶ ಬರುವುದು ತಂದೆಗೆ ಅಥವಾ ತಾಯಿಗೆ. ಆದರೆ ಅದರ ಭಾರದಲ್ಲಿ ಒಂದು ಪಾಲನ್ನು ಆಗತಾನೆ ಒಂದನೆಯ ತರಗತಿಗೆ ಕಾಲಿಡುವ ಮಗುವೂ ಹೊರುತ್ತದೆ. ಆ ಮಗುವಿಗೆ ಮನೆಯವರು ಹೇಗೆ ನೆರವಾಗಬಹುದು ಎಂಬುದೇ ಇಂದಿನ ವಿಷಯ.

ಜೂನ್ ತಿಂಗಳಲ್ಲಿ ಕೇರಳಕ್ಕೆ ಮುಂಗಾರು ಮಳೆ ಕಾಲಿಡುವ ಹೊತ್ತಿಗೇ ಇಲ್ಲಿನ ರಾಜ್ಯ ಶಾಲೆಗಳೂ ಬಾಗಿಲು ತೆರೆಯುತ್ತವೆ. ‘ಪ್ರವೇಶನೋತ್ಸವ’ ಎಂಬ ಹೆಸರಿನಲ್ಲಿ ಹೊಸ ಮಕ್ಕಳನ್ನು ಸಂಭ್ರಮದಿಂದ ಬರಮಾಡಿಕೊಳ್ಳುವುದು ಈ ನಾಡಿನ ಒಳ್ಳೆಯ ಪದ್ಧತಿ. ಕೇಂದ್ರೀಯ ವಿದ್ಯಾಲಯಗಳ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿಯೇ ಆರಂಭವಾಗುತ್ತದೆ. ಅಲ್ಲಿ ಪಾಠ ಹಿಂದಿ ಹಾಗೂ ಇಂಗ್ಲಿಷಿನಲ್ಲಿ; ಬಯಲಿನ ಆಟ, ನೆರೆಮನೆಯ ಮಾತು ಮಲಯಾಳದಲ್ಲಿ; ಅಮ್ಮನ ಅಕ್ಕರೆ ಕನ್ನಡದಲ್ಲಿ. ಐದಾರು ವರ್ಷದ ಮಗು ಒಂದೇ ದಿನದಲ್ಲಿ ಇಷ್ಟು ಭಾಷೆಗಳ ಹೊಸ್ತಿಲು ದಾಟಬೇಕಾಗುತ್ತದೆ.

ಇಂತಹ ಮಗು ತರಗತಿಯಲ್ಲಿ ಹಲವು ವಾರಗಳವರೆಗೆ, ಕೆಲವೊಮ್ಮೆ ತಿಂಗಳುಗಳವರೆಗೆ, ಮಾತೇ ಆಡದಿರಬಹುದು. ಇದನ್ನು ಮಂದಬುದ್ಧಿ ಎಂದಾಗಲಿ ಹಟವೆಂದಾಗಲಿ ತಿಳಿಯುವುದು ತಪ್ಪು. ಹೊಸ ಭಾಷೆಯನ್ನು ಮಗು ಮೊದಲು ಕಿವಿಯಿಂದ ಕಲಿಯುತ್ತದೆ; ಬಾಯಿಗೆ ಅದು ತಡವಾಗಿ ಬರುತ್ತದೆ. ಆದರೆ ಮಗು ಮನೆಯಲ್ಲಿ ಕನ್ನಡದಲ್ಲಿಯೂ ಸರಿಯಾಗಿ ಮಾತನಾಡದಿದ್ದರೆ, ಹಿಂದಿನಿಂದ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿದ್ದರೆ, ತಡಮಾಡದೆ ವೈದ್ಯರಿಂದ ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು.

ಮಗುವಿನ ಮೌನವನ್ನು ಕಂಡು ಗಾಬರಿಯಾದ ಪಾಲಕರು ಸಾಮಾನ್ಯವಾಗಿ ಕೈಗೊಳ್ಳುವ ನಿರ್ಧಾರ ಒಂದಿದೆ: ‘ಇನ್ನು ಮುಂದೆ ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡೋಣ.’ ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ವಿಪರೀತ. ನಮಗೆ ಸಲೀಸಾಗಿ ಬಾರದ ಭಾಷೆಯಲ್ಲಿ ನಾವು ಮಗುವಿನೊಡನೆ ಆಡುವ ಮಾತು ಬಾ, ಕೂರು, ತಿನ್ನು, ಬರೆ ಎಂಬ ನಾಲ್ಕಾರು ಆಜ್ಞೆಗಳಿಗೆ ಇಳಿದುಬಿಡುತ್ತದೆ. ಕಥೆ, ಒಗಟು, ತಮಾಷೆ, ಅಜ್ಜಿಯ ಊರಿನ ಸುದ್ದಿ, ‘ಯಾಕೆ’ ಎಂಬ ಪ್ರಶ್ನೆಗೆ ಸಾವಧಾನದ ಉತ್ತರ, ಇವೆಲ್ಲ ಮನೆಯಿಂದ ಮರೆಯಾಗುತ್ತವೆ. ಶಾಲೆಯಲ್ಲಿ ಮಾತಿಲ್ಲದ ಮಗು ಆಗ ಮನೆಯಲ್ಲಿಯೂ ಮಾತಿಲ್ಲದಂತಾಗುತ್ತದೆ.

ಹೆಚ್ಚು ಕಡಿಮೆ, ಕಾರಣ ಪರಿಣಾಮ, ಮೊದಲು ಆಮೇಲೆ ಎಂಬ ಕಲ್ಪನೆಗಳನ್ನು ಮಗು ಒಮ್ಮೆ ಮನಗಂಡರೆ ಸಾಕು, ಪ್ರತಿಯೊಂದು ಭಾಷೆಯಲ್ಲಿಯೂ ಮೊದಲಿನಿಂದ ಕಲಿಯಬೇಕಾಗಿಲ್ಲ. ಕನ್ನಡದಲ್ಲಿ ಕಟ್ಟಿದ ತಳಪಾಯದ ಮೇಲೆಯೇ ಇಂಗ್ಲಿಷಿನ ಗೋಡೆಯೂ ಏಳುತ್ತದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧನೆ ನಡೆಯಬೇಕೆಂದಿದೆ. ಇದೇ ಕೇರಳದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೊಚ್ಚಿ, ತಿರುವನಂತಪುರಗಳ ನಮ್ಮ ಮಕ್ಕಳಿಗಾದರೋ ಮನೆಯೇ ಕನ್ನಡ ಶಾಲೆ.

ಹಾಗೆಂದು ಮಲಯಾಳವನ್ನು ದೂರವಿಡಬೇಕಾಗಿಲ್ಲ. ಅದು ಕನ್ನಡದ ಸೋದರ ಭಾಷೆ. ನಮ್ಮ ‘ಹಾಲು’ ಅಲ್ಲಿ ‘ಪಾಲ್’, ‘ಹಲ್ಲು’ ‘ಪಲ್ಲ್’, ‘ಹೂವು’ ‘ಪೂವ್’, ‘ಹತ್ತು’ ‘ಪತ್ತ್’. ಹಕಾರವಿದ್ದಲ್ಲಿ ಪಕಾರವನ್ನಿಟ್ಟು ನೋಡುವ ಈ ಆಟವನ್ನು ಮಗುವಿನೊಡನೆ ಆಡಿರಿ. ಪರಕೀಯವೆನಿಸಿದ್ದ ಮಾತು ನೆಂಟರ ಮನೆಯ ಮಾತಿನಂತೆ ಕೇಳಿಸತೊಡಗುತ್ತದೆ. ನೆರೆಹೊರೆಯ ಒಬ್ಬ ಗೆಳೆಯ ಇಲ್ಲವೆ ಗೆಳತಿ ದೊರೆತರೆ ಅರ್ಧ ಕಷ್ಟ ಕಳೆದಂತೆಯೇ.

ದೈನಂದಿನ ವಿಷಯಗಳಲ್ಲಿ ಪಾಲಕರು ಗಮನಿಸಬೇಕಾದ ಕೆಲವು ಅಂಶಗಳಿವೆ. ಆರು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ರೆ ಬೇಕು. ನಿದ್ದೆಗೆಟ್ಟ ಮಗು ಕಲಿಯಲಾರದು. 2020ರ ಶಾಲಾ ಚೀಲ ನೀತಿಯಂತೆ ಚೀಲದ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು, ಎರಡನೆಯ ತರಗತಿಯವರೆಗೆ ಮನೆಪಾಠ ಕೊಡಬಾರದು. ಆದುದರಿಂದ ಸಂಜೆಯನ್ನು ಆಟಕ್ಕೂ ಮಾತಿಗೂ ಬಿಟ್ಟುಕೊಡಿ. ‘ಇಂದು ಏನು ಬರೆದೆ?’ ಎಂದು ವಿಚಾರಣೆ ನಡೆಸುವ ಬದಲು ‘ಇಂದು ಯಾರ ಪಕ್ಕದಲ್ಲಿ ಕುಳಿತೆ?’ ಎಂದು ಕೇಳಿರಿ. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕನ್ನಡದ ಕಥೆಯೊಂದನ್ನು ಓದಿ ಹೇಳಿರಿ. ನೆರೆಮನೆಯ ಮಗುವಿನೊಡನೆ ಹೋಲಿಕೆ ಬೇಡವೇ ಬೇಡ.

ಶಿಕ್ಷಕರನ್ನು ಮೊದಲ ತಿಂಗಳಲ್ಲಿಯೇ ಕಂಡು, ಮಗುವಿನ ಮನೆಮಾತು ಕನ್ನಡವೆಂದು ತಿಳಿಸಿರಿ. ನೀರು, ಹಸಿವು, ಶೌಚ, ನೋವು ಇವುಗಳಿಗೆ ಮಗು ಬಳಸುವ ಕನ್ನಡ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಡಿ. ಬಾಯಾರಿಕೆಯನ್ನು ಹೇಳಿಕೊಳ್ಳಲಾರದೆ ಸಂಜೆಯವರೆಗೆ ಕುಳಿತ ಮಗು ಮರುದಿನ ಶಾಲೆಗೆ ಹೊರಡಲು ಅತ್ತರೆ ಆಶ್ಚರ್ಯವೇನು? ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣ ನಿಷೇಧಿಸಿದೆ ಎಂಬುದೂ ತಮಗೆ ತಿಳಿದಿರಲಿ.

2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಅಭಿಯಾನವು ಅರ್ಥವರಿತು ಓದುವ, ಸರಳ ಲೆಕ್ಕ ಮಾಡುವ ಸಾಮರ್ಥ್ಯವನ್ನು ಮೂರನೆಯ ತರಗತಿಯ ಕೊನೆಯೊಳಗೆ ಮಗು ಪಡೆಯಬೇಕೆಂಬ ಗುರಿಯನ್ನಿಟ್ಟುಕೊಂಡಿದೆ. ಅಂದರೆ ದೇಶವೇ ಮಗುವಿಗೆ ಮೂರು ವರ್ಷಗಳ ಅವಕಾಶ ನೀಡಿದೆ. ಮೂರು ತಿಂಗಳಲ್ಲಿ ಎಲ್ಲವೂ ಬರಲೆಂದು ನಾವು ಆತುರಪಡುವುದು ನ್ಯಾಯವಲ್ಲ. ಹೊರಗೆ ಹೊಸ ಮಾತುಗಳ ನಡುವೆ ದಣಿದು ಬರುವ ಮಗುವಿಗೆ ಮನೆಯಲ್ಲಾದರೂ ತನಗೆ ತಿಳಿಯುವ ಮಾತಿರಲಿ. ಅಷ್ಟನ್ನು ನಾವು ಉಳಿಸಿಕೊಟ್ಟರೆ, ಉಳಿದುದನ್ನು ಅದು ತಾನೇ ಕಲಿಯುತ್ತದೆ.